ನಲವತ್ತೊಂದು ವೈರು

ಫ್ರಿಜ್ಜು ತರುತ್ತೇನೆಂದು ಹೋದ ಧನಲಕ್ಷ್ಮಿ ಇಂಜಿನ್ ತಂದಳು.

ಭಾನುವಾರ ಮಧ್ಯಾಹ್ನ ಶಿವಮೊಗ್ಗದ ಹೊಸಮನೆ ಬಡಾವಣೆಯ ಅವರ ಮನೆ ಮುಂದೆ ಗೂಡ್ಸ್ ಆಟೋ ನಿಂತ ಸದ್ದಿಗೆ ಅತ್ತೆ ಕರಿಬಸಮ್ಮ ಕೈಯೊರೆಸಿಕೊಳ್ಳುತ್ತಾ ಓಡಿ ಬಂದಳು. ಅಡುಗೆಮನೆಯ ಮೂಲೆಯನ್ನು ಬೆಳಿಗ್ಗೆಯೇ ಗುಡಿಸಿ ಖಾಲಿ ಮಾಡಿಟ್ಟಿದ್ದಳು. ಆಟೋದಲ್ಲಿ ನೋಡಿದರೆ ಗೋಣಿತಾಟಿನ ಮೇಲೆ ಗ್ರೀಸು ಮೆತ್ತಿದ ಕಬ್ಬಿಣದ ಗುಡ್ಡೆಯೊಂದು ಕೂತಿತ್ತು. ಪಕ್ಕದಲ್ಲಿ ಅಕ್ಕಿ ಚೀಲದ ತುಂಬ ವೈರು.

"ಏನೇ ಇದು?"

"ಇಂಜಿನ್ನು ಅತ್ತೆ. ವ್ಯಾಗನ್ ಆರ್ ಗಾಡೀದು. ಭದ್ರಾವತಿ ಗುಜರೀಲಿ ಸಿಕ್ತು. ಹಿಂದಿನಿಂದ ಲಾರಿ ಗುದ್ದಿದ ಗಾಡಿ, ಇಂಜಿನ್ನಿಗೆ ಏನೂ ಆಗಿಲ್ಲ."

"ಫ್ರಿಜ್ಜು?"

"ಇನ್ನೊಂದ್ಸಲ ತರೋಣ."

ಕರಿಬಸಮ್ಮ ಆಟೋದವನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. "ಇವತ್ತೂ ಹಾಲು ಒಡೀತು. ನಾಳೆಯಿಂದ ಈ ಇಂಜಿನ್ನಲ್ಲೇ ಇಡ್ತೀನಿ ಹಾಲನ್ನ" ಎಂದು ಒಳಗೆ ಹೋದಳು.

ಧನಲಕ್ಷ್ಮಿಗೆ ನಲವತ್ತಾರು. ಹೆಂಗಸರಿಗೆ ಕಾರು ಕಲಿಸುವುದು ಅವಳ ಕೆಲಸ. ಹದಿನಾಲ್ಕು ವರ್ಷದಿಂದ ಎಡಗಡೆ ಸೀಟಿನಲ್ಲಿ ಕೂತು, ಕಾಲ ಕೆಳಗಿನ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, "ಕ್ಲಚ್ ಬಿಡಿ, ನಿಧಾನ, ಇನ್ನೂ ನಿಧಾನ" ಎನ್ನುತ್ತಾ ಬಂದವಳು. ಬ್ಯಾಂಕಿನವರು, ಟೀಚರುಗಳು, ನರ್ಸುಗಳು ಎಂದು ಶಿವಮೊಗ್ಗದಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರು ಅವಳ ಹತ್ತಿರ ಕಲಿತು ಸ್ವಂತ ಗಾಡಿ ಓಡಿಸುತ್ತಿದ್ದರು. ಅವಳಿಗೆ ಮಾತ್ರ ಬಲಗಡೆ ಸೀಟು ಸಿಕ್ಕುತ್ತಿದ್ದುದು ಅಪರೂಪ. ಮನೆಯವರೆಲ್ಲ ಸೇರಿ ಎಲ್ಲಿಗಾದರೂ ಹೊರಟರೆ ಅಲ್ಲಿ ಗಂಡ ಪರಮೇಶ್ ಕೂರುತ್ತಿದ್ದ.

ಅವಳ ಹೆಸರಿನಲ್ಲಿ ಒಂದು ಹಳೆಯ ಮಾರುತಿ ಎಂಟುನೂರು ಇತ್ತು. ಇಂಜಿನ್ ಜಾಮ್ ಆಗಿ ಎರಡು ವರ್ಷದಿಂದ ಮನೆ ಪಕ್ಕದ ಸಂದಿಯಲ್ಲಿ ನಿಂತಿತ್ತು. ಅದರ ನೆತ್ತಿಯ ಮೇಲೆ ಕರಿಬಸಮ್ಮ ಸಂಡಿಗೆ ಒಣಗಿಸುತ್ತಿದ್ದಳು. ದೀಪಾವಳಿ ಕಳೆದ ಮೇಲೆ ಗುಜರಿಗೆ ಕೊಡುವುದೆಂದು ಪರಮೇಶ್ ಹೇಳಿಯಾಗಿತ್ತು. ಅಷ್ಟರಲ್ಲಿ ಪೆಟ್ರೋಲ್ ಬಂಕಿನ ಗೋಡೆ ಮೇಲೆ ಒಂದು ಪೋಸ್ಟರು ಬಂತು. ನವೆಂಬರ್ ಕೊನೇ ಭಾನುವಾರ ಭದ್ರಾವತಿಯಲ್ಲಿ ಮಣ್ಣಿನ ಟ್ರ್ಯಾಕಿನ ಕಾರ್ ರೇಸು, ಮಹಿಳೆಯರಿಗೆ ಪ್ರತ್ಯೇಕ ವಿಭಾಗ. ಆ ಹೊತ್ತು ಸ್ಟೇರಿಂಗ್ ಹಿಡಿದಿದ್ದ ವಾಣಿ ಟೀಚರು, "ಮೇಡಂ, ನೀವ್ಯಾಕೆ ಹೋಗ್ಬಾರ್ದು?" ಎಂದು ತಮಾಷೆಗೆ ಕೇಳಿದಳು. ಧನಲಕ್ಷ್ಮಿ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ.

ರಾತ್ರಿ ಊಟಕ್ಕೆ ಅಕ್ಕಿ ರೊಟ್ಟಿ, ಬದನೆಕಾಯಿ ಪಲ್ಯ. ಪರಮೇಶ್ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಡ್ಯೂಟಿ ಮುಗಿಸಿ ಬಂದವನು ಸಂದಿಯಲ್ಲಿದ್ದ ಇಂಜಿನ್ನಿಗೆ ಒಂದು ಸುತ್ತು ಹಾಕಿ, ಕೈ ತೊಳೆದು ಬಂದು ತಟ್ಟೆ ಮುಂದೆ ಕೂತ. ರೇಸಿನ ಸುದ್ದಿ ಆಗಲೇ ಮನೆಯೆಲ್ಲ ಹರಡಿತ್ತು.

"ಯಾರು ರೇಸಿಗೆ ಹೋಗೋದು?"

"ನಾನು."

ಮಗಳು ಅನುಷಾ ಕಿಸಕ್ಕನೆ ನಕ್ಕಳು. ಅವಳು ಡಿಪ್ಲೊಮಾ ಕೊನೇ ವರ್ಷದಲ್ಲಿದ್ದಳು. "ಅಮ್ಮ, ನೀನು ಹಂಪ್ ಕಂಡ್ರೆ ಅರ್ಧ ಕಿಲೋಮೀಟರ್ ಮೊದ್ಲೇ ಬ್ರೇಕ್ ಹಾಕ್ತೀಯ."

"ಅದು ಪಾಠ ಕಣೇ. ಪಾಠದಲ್ಲಿ ಹಾಗೇ ಹಾಕ್ಬೇಕು."

"ಆ ಗಾಡೀನ ಗುಜರಿಗೆ ಕೊಡೋದು ಅಂತ ತೀರ್ಮಾನ ಆಗಿತ್ತಲ್ಲ ಮಾರಾಯ್ತಿ?" ಎಂದ ಪರಮೇಶ್.

"ತೀರ್ಮಾನ ನಿಮ್ದು. ಗಾಡಿ ನನ್ ಹೆಸರಲ್ಲಿದೆ."

"ಸರಿ ಹಾಗಾದ್ರೆ. ನನ್ ಸಹಾಯ ಮಾತ್ರ ಕೇಳ್ಬೇಡ. ಒಂದು ನಟ್ಟೂ ಮುಟ್ಟಲ್ಲ ನಾನು."

"ಯಾರು ಕೇಳಿದ್ರು?"

ಕರಿಬಸಮ್ಮ ಮಗನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಸೊಸೆಯ ತಟ್ಟೆಗೆ ಹಾಕಲಿಲ್ಲ.

ರೇಸಿಗೆ ನಾಲ್ಕು ವಾರ ಇತ್ತು. ಮಾರನೇ ದಿನವೇ ಗಾಡಿಯನ್ನು ಹಗ್ಗ ಕಟ್ಟಿ ಎಳೆಸಿಕೊಂಡು ರಾಗಿಗುಡ್ಡದ ಹತ್ತಿರದ ಪೀರ್ ಬಾಷಾನ ಗ್ಯಾರೇಜಿಗೆ ಧನಲಕ್ಷ್ಮಿ ಒಯ್ದಳು. ಬಾಷಾ ಅವಳ ಕಲಿಸುವ ಗಾಡಿಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ಕು, ಅರವತ್ತರ ಹತ್ತಿರದವನು. ರೇಸು ಎಂದ ಕೂಡಲೇ ಕನ್ನಡಕ ಹಣೆಗೇರಿಸಿ, "ಧನಕ್ಕ, ಇಷ್ಟು ವರ್ಷ ಕ್ಲಚ್ ಪ್ಲೇಟು ಬದಲಾಯಿಸಿ ಬದಲಾಯಿಸಿ ಬೇಜಾರಾಗಿತ್ತು. ಬಿಡಿ ಗಾಡೀನ" ಎಂದ. ಎಂಟೇ ದಿನದಲ್ಲಿ ಹಳೆ ಇಂಜಿನ್ ಇಳಿಸಿ ಹೊಸದನ್ನು ಕೂರಿಸಿದ. ಒಂದೇ ಕಂಪನಿಯ ಗಾಡಿಗಳಾದ್ದರಿಂದ ಬೋಲ್ಟಿನ ತೂತುಗಳೂ ಹೆಚ್ಚುಕಮ್ಮಿ ಕೂಡಿಕೊಂಡವು. ಪೆಟ್ರೋಲ್ ಟ್ಯಾಂಕಿಗೆ ಹೊಸ ಪಂಪು ಬಂತು. ಇಂಜಿನ್ ಬದಲಾದ ಕಾಗದಪತ್ರವನ್ನು ಧನಲಕ್ಷ್ಮಿಯೇ ಆರ್‌ಟಿಒ ಕಚೇರಿಗೆ ಕೊಟ್ಟಳು. ಲೈಸೆನ್ಸಿಗೆಂದು ವಾರಕ್ಕೆರಡು ಸಲ ಹೋಗುವ ಜಾಗ, ಅಲ್ಲಿ ಅವಳಿಗೆ ಎಲ್ಲರೂ ಗೊತ್ತು.

ಒಂಬತ್ತನೇ ದಿನ ಬಾಷಾ ಫೋನ್ ಮಾಡಿ ಕರೆದ.

"ನೋಡಿ ಅಕ್ಕ, ನಟ್ಟು ಬೋಲ್ಟು ಕೆಲ್ಸ ನಂದು, ಮುಗೀತು. ವೈರಿಂಗ್ ನನ್ನಿಂದ ಆಗಲ್ಲ. ನಿಮ್ ಹಳೇ ಇಂಜಿನ್ನಿಗೆ ಕಾರ್ಬುರೇಟರ್, ಹತ್ತು ವೈರ್ ಕೊಟ್ರೆ ಓಡೋದು. ಇದಕ್ಕೆ ಕಂಪ್ಯೂಟರ್." ಅಂಗೈಯಗಲದ ಒಂದು ಅಲ್ಯೂಮಿನಿಯಂ ಡಬ್ಬಿ ತೋರಿಸಿದ. "ಈ ಡಬ್ಬಿ ಹೇಳಿದ್ರೇನೇ ಪೆಟ್ರೋಲು, ಈ ಡಬ್ಬಿ ಹೇಳಿದ್ರೇನೇ ಕಿಡಿ. ಇದಕ್ಕೂ ಇಂಜಿನ್ನಿಗೂ ಮಧ್ಯೆ ಇರೋ ವೈರನ್ನೆಲ್ಲ ಗುಜರಿಯವ್ರು ಕಚಕ್ ಅಂತ ಕತ್ತರಿಸಿಬಿಟ್ಟಿದಾರೆ."

"ವೈರಿಂಗ್ ಮಾಡೋರು ಯಾರಾದ್ರೂ?"

"ಒಬ್ಬ ಇದಾನೆ. ಒಂದು ತಿಂಗಳು ಕಾಯಿ ಅಂತಾನೆ."

ಧನಲಕ್ಷ್ಮಿ ಬೆರಳಲ್ಲಿ ದಿನ ಎಣಿಸಿದಳು. "ಚೀಲಕ್ಕೆ ತುಂಬ್ಕೊಡಿ ಬಾಷಾ ಭಾಯಿ" ಎಂದಳು.

ಅವತ್ತು ಸಂಜೆಯಿಂದ ನಡುಮನೆ ನಡುಮನೆಯಾಗಿ ಉಳಿಯಲಿಲ್ಲ. ಟೀಪಾಯಿ ಹೊರಗೆ ಹೋಯಿತು. ನೆಲದ ಮೇಲೆ ಹಳೆ ಬೆಡ್‌ಶೀಟು ಹಾಸಿ, ಅದರ ಮೇಲೆ ಧನಲಕ್ಷ್ಮಿ ವೈರಿನ ಕಂತೆಯನ್ನು ಬಿಚ್ಚಿ ಉದ್ದಕ್ಕೆ ಹರಡಿದಳು. ಒಂದು ಕಡೆ ಇಂಜಿನ್ನಿಗೆ ಹೋಗುವ ತುದಿಗಳು, ಇನ್ನೊಂದು ಕಡೆ ಡಬ್ಬಿಗೆ ಹೋಗುವವು. ನಡುವೆ ಕತ್ತರಿಸಿದ ಬಾಯಿಗಳು. ಎಣಿಸಿದರೆ ನಲವತ್ತೊಂದು. ಕೆಂಪಿನ ಮೇಲೆ ಕಪ್ಪು ಗೆರೆ, ಕಪ್ಪಿನ ಮೇಲೆ ಬಿಳಿ ಗೆರೆ, ಹಸಿರಿನಲ್ಲೇ ನಾಲ್ಕು ತರ. ಅನುಷಾ ಮೊದಲು ಮೂತಿ ತಿರುಗಿಸಿಕೊಂಡಿದ್ದವಳು, ಅಮ್ಮ ಎರಡು ದಿನ ಮಂಡಿಯೂರಿ ಒದ್ದಾಡಿದ್ದು ನೋಡಿ ಫೋನಿನಲ್ಲಿ ಆ ಇಂಜಿನ್ನಿನ ವೈರಿಂಗ್ ನಕ್ಷೆ ಹುಡುಕಿದಳು. ಕೋಟೆ ರಸ್ತೆಯಲ್ಲಿ ದೊಡ್ಡ ಹಾಳೆಗೆ ಜೆರಾಕ್ಸ್ ಮಾಡಿಸಿ ತಂದು ಗೋಡೆಗೆ ಅಂಟಿಸಿದಳು. ಅವಳು ಓದುವುದು, ಅಮ್ಮ ಹುಡುಕುವುದು. ಸಿಕ್ಕಿದ ವೈರಿನ ಎರಡೂ ತುದಿಗೆ ಒಂದೇ ನಂಬರಿನ ಚೀಟಿ.

ಊಟ ಅಡುಗೆಮನೆಗೆ ಹೋಯಿತು. ಒಬ್ಬರ ಮೊಣಕೈ ಇನ್ನೊಬ್ಬರ ಸಾರಿನಲ್ಲಿ.

"ದಾಟ್ಬೇಡಿ ಅತ್ತೆ, ದಾಟ್ಬೇಡಿ! ಆ ಕಡೆಯಿಂದ ಬನ್ನಿ."

"ಯಾವ ಕಡೆಯಿಂದ ಬರ್ಲೇ? ಆ ಕಡೆ ಗೋಡೆ ಇದೆ. ಸೀರಿಯಲ್ ನೋಡಿ ನಾಲ್ಕು ದಿನ ಆಯ್ತು ನಾನು. ಟೀವಿ ಮುಂದೆ ಅದೆಂಥದೋ ಡಬ್ಬಿ ಇಟ್ಟಿದೀಯ."

"ಅದು ಕಂಪ್ಯೂಟರ್ ಅಜ್ಜಿ" ಎಂದಳು ಅನುಷಾ.

"ಕಂಪ್ಯೂಟರ್ ಆದ್ರೆ ಅದ್ರಲ್ಲೇ ಸೀರಿಯಲ್ ಹಾಕು."

ಪರಮೇಶ್ ಹೇಳಿದಂತೆಯೇ ನಡೆದುಕೊಂಡ. ಬರುತ್ತಿದ್ದ, ಗೋಡೆಗೆ ಒತ್ತಿಕೊಂಡು ನಡೆದು ರೂಮಿಗೆ ಹೋಗುತ್ತಿದ್ದ. ಆರನೇ ದಿನ ಸಂಜೆ, ಸೊಂಟದ ಬೆಲ್ಟಿನಲ್ಲಿ ಕಟಿಂಗ್ ಪ್ಲೇಯರು ಇನ್ನೂ ನೇತಾಡುತ್ತಿದ್ದಾಗ, ಹಾಗೆ ದಾಟುತ್ತಿದ್ದವನು ಒಂದು ಕಾಲು ಮುಂದಿಟ್ಟು ಅಲ್ಲೇ ನಿಂತ.

"ಈ ಜಾಯಿಂಟ್ ಯಾರು ಮಾಡಿದ್ದು?"

"ನಾನು."

"ಇದಕ್ಕೆ ಜಾಯಿಂಟ್ ಅಂತಾರಾ? ಎರಡು ತಂತಿ ಹೊಸೆದು ಟೇಪ್ ಸುತ್ತಿದೀಯ. ಮಣ್ಣಲ್ಲಿ ಗಾಡಿ ನಾಲ್ಕು ಸಲ ಕುಲುಕಿದ್ರೆ ಬಿಚ್ಕೊಳ್ಳುತ್ತೆ."

"ನಿಮ್ ಸಹಾಯ ಕೇಳಿಲ್ಲ ನಾನು."

"ಕೇಳಿಲ್ಲ, ಒಪ್ಪಿದೆ. ಆದ್ರೆ ನನ್ ಮನೇಲಿ ಇಂಥ ಜಾಯಿಂಟ್ ಇರ್ಬಾರ್ದು. ಊರಿಗೆ ಗೊತ್ತಾದ್ರೆ ಲೈನ್‌ಮನ್ ಅಂತ ಹೇಗೆ ತಲೆ ಎತ್ಲಿ?"

ಬೂಟು ಬಿಚ್ಚಿ, ಯೂನಿಫಾರಮ್ಮಿನಲ್ಲೇ ಬೆಡ್‌ಶೀಟಿನ ಅಂಚಿಗೆ ಕೂತ. ಅವಳು ಮಾಡಿದ್ದ ಹನ್ನೊಂದು ಜಾಯಿಂಟನ್ನೂ ಬಿಚ್ಚಿದ. ಧನಲಕ್ಷ್ಮಿ ಹಲ್ಲು ಕಚ್ಚಿಕೊಂಡು ನೋಡುತ್ತಿದ್ದಳು. ಬೆಸುಗೆ ಕಡ್ಡಿ ಕಾಯಿಸಿ, ತಂತಿಯ ಎಳೆಗಳನ್ನು ಒಂದರೊಳಗೊಂದು ತೂರಿಸಿ, ಸೀಸ ಹರಿಸಿ ತೋರಿಸಿದ.

"ಮೊದ್ಲು ಈ ರಬ್ಬರ್ ಸ್ಲೀವು ತೂರಿಸ್ಕೋ. ಆಮೇಲೆ ಬೆಸುಗೆ. ಆಮೇಲೆ ಸ್ಲೀವನ್ನ ಮೇಲೆಳೆದು ಬಿಸಿ ಕೊಡು, ಬಿಗಿಯಾಗಿ ಕಚ್ಕೊಳ್ಳುತ್ತೆ. ಮರೆತು ಬೆಸುಗೆ ಹಾಕಿದ್ಯೋ, ಮತ್ತೆ ಕತ್ತರಿಸ್ಬೇಕು."

"ಕೊಡಿ, ನಾನು ಮಾಡ್ತೀನಿ."

"ಸೊಟ್ಟ ಹಿಡೀಬೇಡ."

"ಪಕ್ಕದಲ್ಲಿ ಕೂತು ಹೇಳೋದು ಸುಲಭ ರೀ."

"ಇಷ್ಟು ವರ್ಷ ನೀನು ಮಾಡಿದ್ದು ಅದನ್ನೇ ಅಲ್ವಾ?" ಎಂದ ಪರಮೇಶ್. ಅವಳಿಗೆ ನಗು ತಡೆಯಲಾಗಲಿಲ್ಲ. ಮೂರನೇ ಜಾಯಿಂಟು ಅವನದಕ್ಕಿಂತ ಚೆನ್ನಾಗಿ ಬಂತು. ಅವನು ಅದನ್ನು ಜಗ್ಗಿ ನೋಡಿ ಮುಂದಿನ ವೈರು ಎತ್ತಿಕೊಟ್ಟ.

ಅಲ್ಲಿಂದ ಮುಂದೆ ಜಗಳ ನಿಲ್ಲಲಿಲ್ಲ, ಜಾಗ ಬದಲಾಯಿಸಿತು ಅಷ್ಟೆ. ಈಗ ಅಪ್ಪ ಮಗಳ ನಡುವೆ. ಪರಮೇಶ್ ತನ್ನ ಟೆಸ್ಟ್ ಲ್ಯಾಂಪು ತಂದು ಡಬ್ಬಿಯ ಬಾಯಿಗೆ ಹಿಡಿಯಹೋದ.

"ಅಪ್ಪ, ಬೇಡ! ಆ ಬಲ್ಬು ಹಾಕಿದ್ರೆ ಕಂಪ್ಯೂಟರ್ ಸುಟ್ಟೋಗುತ್ತೆ. ಮೀಟರಲ್ಲಿ ನೋಡು."

"ನೀನು ಹುಟ್ಟೋಕೆ ಮುಂಚಿನಿಂದ ಕರೆಂಟಿನ ಜೊತೆ ಇದೀನಿ ನಾನು."

"ಅದು ಕಂಬದ ಕರೆಂಟು. ಇದು ಬೇರೆ."

ಅವನು ನಕ್ಷೆಯ ಮುಂದೆ ನಿಂತು ಬಹಳ ಹೊತ್ತು ನೋಡಿದ. ಲ್ಯಾಂಪನ್ನು ಬೆಲ್ಟಿಗೆ ಸಿಕ್ಕಿಸಿ, "ಆಯ್ತು, ಮೀಟರ್ ತಾ. ಆದ್ರೆ ಅರ್ತಿಂಗ್ ಮಾತ್ರ ನಂಗೆ ಬಿಡಿ. ಬ್ಯಾಟರಿಯಿಂದ ಬಾಡಿಗೆ ಹೋಗೋ ವೈರು ನಾನೇ ಹಾಕ್ತೀನಿ. ಇಪ್ಪತ್ತೆಂಟು ವರ್ಷದಿಂದ ಅದೇ ಕೆಲ್ಸ" ಎಂದ.

ಎಲ್ಲ ಬೆಸೆದು ಮುಗಿದಾಗ ನಲವತ್ತೊಂದು ವೈರನ್ನು ಒಂದು ಕಟ್ಟು ಮಾಡಬೇಕಿತ್ತು. ಧನಲಕ್ಷ್ಮಿ ಟೇಪು ಸುತ್ತತೊಡಗಿದಳು. ಕರಿಬಸಮ್ಮ ಬಾಗಿಲ ಹತ್ತಿರ ಕಾಲು ಚಾಚಿ ಕೂತು ಸೇವಂತಿಗೆ ಕಟ್ಟುತ್ತಿದ್ದಳು. ಕೋಟೆಯ ದೇವಸ್ಥಾನದ ಎದುರಿನ ಹೂವಿನಂಗಡಿಗೆ ದಿನವೂ ಹತ್ತು ಮಾರು ಕಟ್ಟಿ ಕೊಡುವುದು ಅವಳ ಎಷ್ಟೋ ವರ್ಷದ ರೂಢಿ. ಸೊಸೆಯ ಕೆಲಸವನ್ನು ಓರೆಗಣ್ಣಲ್ಲಿ ನೋಡಿ ನೋಡಿ ಕೊನೆಗೆ ತಡೆಯಲಾರದೆ ಹೇಳಿದಳು.

"ಹಾಗೆ ಸುತ್ತಿದ್ರೆ ಎರಡು ದಿನಕ್ಕೆ ಜಾರುತ್ತೆ."

"ಮತ್ತೆ ಹೇಗೆ ಅತ್ತೆ?"

"ಕೊಡಿಲ್ಲಿ. ನೈಲಾನ್ ದಾರ ಇದ್ಯಾ?"

ನಾಲ್ಕು ಬೆರಳಿಗೊಂದು ಗಂಟಿನಂತೆ, ಒಂದೊಂದು ಗಂಟನ್ನೂ ಹಲ್ಲಲ್ಲಿ ಕಚ್ಚಿ ಬಿಗಿದು, ಕರಿಬಸಮ್ಮ ಒಂದು ಗಂಟೆಯಲ್ಲಿ ಕಟ್ಟು ಮುಗಿಸಿದಳು. ಎತ್ತಿ ಹಿಡಿದರೆ ಎಲ್ಲೂ ಸಡಿಲವಿಲ್ಲ. ಪರಮೇಶ್ ಅದನ್ನು ಬಗ್ಗಿಸಿ ನೋಡಿ, "ಅವ್ವ, ನಮ್ ಆಫೀಸಿಗೆ ಬಂದ್ಬಿಡು" ಎಂದ.

"ನಾನು ಇದನ್ನ ಮಾಡಿದ್ದು ನಡುಮನೆ ಬೇಗ ಖಾಲಿ ಆಗ್ಲಿ ಅಂತ" ಎಂದಳು ಅವಳು, ಹೂವಿನ ಬುಟ್ಟಿ ಎಳೆದುಕೊಳ್ಳುತ್ತಾ.

ರೇಸಿಗೆ ನಾಲ್ಕು ದಿನ ಇರುವಾಗ, ಬುಧವಾರ ಬೆಳಿಗ್ಗೆ, ಗ್ಯಾರೇಜಿನಲ್ಲಿ ಎಲ್ಲವನ್ನೂ ಜೋಡಿಸಿದರು. ಪರಮೇಶ್ ಬ್ಯಾಟರಿಯ ಅರ್ತ್ ವೈರನ್ನು ಬಾಡಿಗೆ ಬಿಗಿದು ಡ್ಯೂಟಿಗೆ ಹೋದ. ಧನಲಕ್ಷ್ಮಿ ಬಲಗಡೆ ಸೀಟಿನಲ್ಲಿ ಕೂತು ಕೀ ತಿರುಗಿಸಿದಳು.

ಗರ ಗರ ಗರ ಎಂದು ಇಂಜಿನ್ ತಿರುಗಿತು. ಕೆಮ್ಮಿತು. ಹಿಂದಿನ ಪೈಪಿನಿಂದ ಢಂ ಎಂದು ಸದ್ದು ಬಂದು, ಪಕ್ಕದ ಟೀ ಅಂಗಡಿಯವನು ಎದ್ದು ನಿಂತ. ಇನ್ನೊಮ್ಮೆ ಗರ ಗರ, ಇನ್ನೊಮ್ಮೆ ಢಂ. ಹತ್ತು ಸಲ ಆಯಿತು, ಹಿಡಿಯಲಿಲ್ಲ.

ಬಾಷಾ ಬಾನೆಟ್ಟಿನೊಳಗೆ ಬಗ್ಗಿ ಎದ್ದ. "ಕಿಡಿ ಇದೆ. ಪೆಟ್ರೋಲೂ ಬರ್ತಿದೆ. ಹೊತ್ತಲ್ಲದ ಹೊತ್ತಲ್ಲಿ ಕಿಡಿ ಬೀಳ್ತಿದೆ ಅಕ್ಕ."

ಇಂಜಿನ್ ಎಷ್ಟು ತಿರುಗಿತೆಂದು ಡಬ್ಬಿಗೆ ಹೇಳುವ ಸೆನ್ಸರ್ ಒಂದಿತ್ತು. ಅದಕ್ಕೆ ಎರಡೇ ವೈರು, ಹದಿನೇಳು ಮತ್ತು ಹದಿನೆಂಟು. ಅದಲು ಬದಲಾದರೆ ಡಬ್ಬಿ ಹೊತ್ತು ತಪ್ಪುತ್ತದೆಂದು ಅನುಷಾ ನಕ್ಷೆ ಓದುವಾಗ ಹೇಳಿದ್ದು ಧನಲಕ್ಷ್ಮಿಗೆ ನೆನಪಾಯಿತು. ಕಟ್ಟು ನೋಡಿದಳು. ಎರಡರ ಚೀಟಿಗಳೂ ಉಳಿದವಕ್ಕಿಂತ ಸುಕ್ಕಾಗಿದ್ದವು. ಮನೆಗೆ ಫೋನ್ ಮಾಡಿದಳು.

"ಅತ್ತೆ, ಚೀಟಿ ಏನಾದ್ರೂ ಬಿದ್ದಿತ್ತಾ?"

"ನೆಲ ಒರೆಸ್ತಾ ಎರಡು ಬಿದ್ವು. ನಾನೇ ಅಂಟಿಸ್ದೆ. ಯಾಕೆ?"

"ಯಾವುದಕ್ಕೆ ಯಾವುದು ಅಂತ ನೋಡಿ ಅಂಟಿಸಿದ್ರಾ?"

"ಎರಡೂ ಪಕ್ಕ ಪಕ್ಕದವೇ ಅಲ್ವೇನೇ? ಏನು ವ್ಯತ್ಯಾಸ?"

ಧನಲಕ್ಷ್ಮಿ ಜೋರಾಗಿ ನಕ್ಕಳು. ಫೋನನ್ನು ಸೀಟಿನ ಮೇಲೆ ಹಾಗೇ ಬಿಟ್ಟು ಕತ್ತರಿ ತೆಗೆದುಕೊಂಡಳು. ಎರಡು ವೈರು ಕತ್ತರಿಸಿದಳು. ಮೊದಲು ಸ್ಲೀವು ತೂರಿಸಿದಳು, ಆಮೇಲೆ ಅದಲು ಬದಲು ಮಾಡಿ ಬೆಸೆದಳು. ಬಿಸಿ ಕೊಟ್ಟಳು. ಕೀ ತಿರುಗಿಸಿದಳು.

ಒಂದೇ ತಿರುವಿಗೆ ಇಂಜಿನ್ ಹಿಡಿಯಿತು. ಗುರ್ ಎಂದು ಏರಿ, ಇಳಿದು, ಸಮನಾಗಿ ನಿಂತಿತು. ಪೀರ್ ಬಾಷಾ ಎರಡೂ ಕೈ ಮೇಲೆತ್ತಿ, "ವಾಹ್! ವಾಹ್ ರೇ ಧನಕ್ಕ!" ಎಂದು ಕೂಗಿದ. ಧನಲಕ್ಷ್ಮಿ ಆಕ್ಸಿಲರೇಟರ್ ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಸೀಟಿನ ಮೇಲಿದ್ದ ಫೋನಿನಿಂದ ಕರಿಬಸಮ್ಮ ಕೂಗುತ್ತಿದ್ದಳು: "ಏನಾಯ್ತೇ? ಏನದು ಸದ್ದು? ಹಿಡೀತಾ?"

ಭಾನುವಾರ ಭದ್ರಾವತಿಯ ಹೊರಗಿನ ಬಯಲು ಕೆಂಪು ಧೂಳಿನಲ್ಲಿ ಮುಳುಗಿತ್ತು. ಮಹಿಳೆಯರ ವಿಭಾಗಕ್ಕೆ ಒಂಬತ್ತು ಗಾಡಿ. ಮಂಗಳೂರು, ಚಿಕ್ಕಮಗಳೂರು ಕಡೆಯ ಹುಡುಗಿಯರು ಹೊಳೆಯುವ ರೇಸಿನ ಉಡುಪಿನಲ್ಲಿ ನಿಂತಿದ್ದರು. ಧನಲಕ್ಷ್ಮಿ ಅನುಷಾಳ ಜೀನ್ಸು ಹಾಕಿ, ಕಡ ತಂದ ಹೆಲ್ಮೆಟ್ ಹಿಡಿದು ಬಂದಿದ್ದಳು. ವಾಣಿ ಟೀಚರು ಇಪ್ಪತ್ತು ಮಂದಿ ಹಳೆ ಶಿಷ್ಯೆಯರನ್ನು ಕರೆತಂದಿದ್ದಳು. ಎಲ್ಲರೂ ತಾವೇ ಗಾಡಿ ಓಡಿಸಿಕೊಂಡು ಬಂದಿದ್ದರು. ಮನೆಯಲ್ಲೇ ಇರುತ್ತೇನೆಂದು ಹಟ ಹಿಡಿದಿದ್ದ ಕರಿಬಸಮ್ಮ ಹೊರಡುವ ಹೊತ್ತಿಗೆ ಸೆರಗು ಸಿಕ್ಕಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದಳು.

ಒಬ್ಬೊಬ್ಬರಿಗೆ ಎರಡು ಓಟ, ಯಾವುದು ಬೇಗವೋ ಅದು ಲೆಕ್ಕ. ಮೊದಲ ಓಟದಲ್ಲಿ ಬಾವುಟ ಬಿದ್ದ ಕೂಡಲೇ ಧನಲಕ್ಷ್ಮಿ ಚಿಮ್ಮಿದಳು. ಎರಡು ತಿರುವು ದಾಟಿದಳು. ಮಣ್ಣಿನ ದಿಬ್ಬ ಹತ್ತಿ ಹಾರಿ ಕೆಳಗೆ ಬಿದ್ದದ್ದೇ ತಡ, ಇಂಜಿನ್ ಆರಿತು. ಮತ್ತೆ ಹಿಡಿಯಿತು. ಮತ್ತೆ ಆರಿತು. ನಾಲ್ಕು ಜನ ಬಂದು ಗಾಡಿಯನ್ನು ತಳ್ಳಿಕೊಂಡು ಹೋದರು.

ಎರಡನೇ ಓಟಕ್ಕೆ ಅರ್ಧ ಗಂಟೆ ಇತ್ತು. ಪರಮೇಶ್, ಬಾಷಾ ಇಬ್ಬರೂ ಬಾನೆಟ್ಟಿನೊಳಗೆ ತಲೆ ತೂರಿಸಿದರು.

"ಪಂಪಿರಬೇಕು" ಎಂದ ಬಾಷಾ.

"ಯಾವುದೋ ಜಾಯಿಂಟ್ ಬಿಟ್ಟಿದೆ. ಕಟ್ಟು ಬಿಚ್ಚೋಣ" ಎಂದ ಪರಮೇಶ್.

"ನನ್ ಗಂಟು ಬಿಚ್ಚಿದ್ರೆ ನೋಡು ಮತ್ತೆ!" ಎಂದು ಹಗ್ಗದ ಆಚೆಯಿಂದ ಕರಿಬಸಮ್ಮ ಕೂಗಿದಳು.

"ಇಬ್ಬರೂ ಸ್ವಲ್ಪ ಸುಮ್ನಿರಿ" ಎಂದಳು ಧನಲಕ್ಷ್ಮಿ. "ಗಾಡಿ ಕೆಳಗೆ ಬಿದ್ದಾಗ ಡ್ಯಾಶ್‌ಬೋರ್ಡಿನ ದೀಪಗಳು ಎಲ್ಲಾ ಒಟ್ಟಿಗೇ ಆರಿದ್ವು, ಒಟ್ಟಿಗೇ ಹತ್ತಿದ್ವು. ಒಂದು ವೈರು ಹೋದ್ರೆ ಹಾಗಾಗಲ್ಲ. ಎಲ್ಲಕ್ಕೂ ಸೇರಿದ್ದು ಒಂದೇ. ರೀ, ಅರ್ತಿಂಗ್ ನೋಡಿ."

"ಅರ್ತಿಂಗ್ ನಾನು ಹಾಕಿದ್ದು."

"ಅದಕ್ಕೇ ಹೇಳ್ತಿರೋದು, ನೋಡಿ."

ಪರಮೇಶ್ ಸ್ಪ್ಯಾನರ್ ಹಾಕಿದ. ಬೋಲ್ಟು ಆಗಲೇ ಸಡಿಲವಾಗಿತ್ತು. ಬಿಚ್ಚಿದ. ಕೆಳಗೆ ಗಾಡಿಯ ನೀಲಿ ಬಣ್ಣ ಹಾಗೇ ಹೊಳೆಯುತ್ತಿತ್ತು. ಕರೆಂಟು ಹರಿಯಬೇಕಾದರೆ ಬಣ್ಣ ಕೆರೆದು ಕಬ್ಬಿಣ ಕಾಣಿಸಬೇಕಿತ್ತು; ಅವನು ಬಣ್ಣದ ಮೇಲೆಯೇ ವೈರು ಕೂರಿಸಿದ್ದ.

"ತಪ್ಪು ನಂದು" ಎಂದ ಪರಮೇಶ್, ಎಲ್ಲರಿಗೂ ಕೇಳುವಂತೆ. "ಡ್ಯೂಟಿಗೆ ಹೊತ್ತಾಯ್ತು ಅಂತ ಕೆರೆಯೋದು ಬಿಟ್ಟೆ." ಅರ ತೆಗೆದುಕೊಂಡು, ಹಲ್ಲು ಕಚ್ಚಿ, ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿದ. ಬೋಲ್ಟು ಬಿಗಿದ. ಎರಡೂ ಕೈಯಲ್ಲಿ ವೈರು ಹಿಡಿದು ಜಗ್ಗಿದ. ಧನಲಕ್ಷ್ಮಿ ತಾನೂ ಒಮ್ಮೆ ಜಗ್ಗಿ ನೋಡಿ ಹೆಲ್ಮೆಟ್ ಹಾಕಿಕೊಂಡಳು.

"ಧನ" ಎಂದ ಅವನು, ಕಿಟಕಿಗೆ ಬಗ್ಗಿ. "ದಿಬ್ಬದಲ್ಲಿ ನಿಧಾನ ಮಾಡ್ಬೇಡ. ಬಿಡಲ್ಲ ಆ ವೈರು."

ಬಾವುಟ ಬಿತ್ತು. ಈ ಸಲ ದಿಬ್ಬ ಎದುರಾದಾಗ ಅವಳು ಕಾಲು ಎತ್ತಲಿಲ್ಲ. ಗಾಡಿ ಹಾರಿತು, ನಾಲ್ಕೂ ಚಕ್ರ ಧಡ್ ಎಂದು ನೆಲಕ್ಕೆ ಬಿದ್ದವು. ದೀಪಗಳು ಉರಿಯುತ್ತಲೇ ಇದ್ದವು. ತಿರುವಿನಲ್ಲಿ ಹಿಂಭಾಗ ಜಾರಿತು, ಅವಳು ಸ್ಟೇರಿಂಗ್ ಎದುರು ಎಳೆದಳು, ಗಾಡಿ ಮಾತು ಕೇಳಿತು. ಹೆಲ್ಮೆಟ್ಟಿನೊಳಗೆ ತಾನು ಕೂಗುತ್ತಿರುವುದು ಅವಳಿಗೇ ಗೊತ್ತಿರಲಿಲ್ಲ. ಕೊನೆಯ ನೇರ ದಾರಿಯಲ್ಲಿ ಪೆಡಲು ನೆಲಕ್ಕೆ ಅಂಟಿತು. ಇಪ್ಪತ್ತು ಹೆಂಗಸರು ಹಗ್ಗ ಜಗ್ಗಿಕೊಂಡು "ಮೇಡಂ! ಮೇಡಂ!" ಎಂದು ಕಿರುಚುತ್ತಿದ್ದುದು ಒಂದು ಬಣ್ಣದ ಗೆರೆಯಂತೆ ಪಕ್ಕದಲ್ಲಿ ಹಾದು ಹೋಯಿತು.

ಮೈಕಿನವನು ಕೂಗಿದ: "ಶಿವಮೊಗ್ಗದ ಧನಲಕ್ಷ್ಮಿ ಪರಮೇಶ್, ಮಾರುತಿ ಎಂಟುನೂರು, ಒಂದು ನಿಮಿಷ ನಲವತ್ತೇಳು ಸೆಕೆಂಡು! ಸದ್ಯಕ್ಕೆ ಎರಡನೇ ಸ್ಥಾನ!" ಕೊನೆಯಲ್ಲಿ ಬಂದ ಚಿಕ್ಕಮಗಳೂರಿನ ಹುಡುಗಿ ಎರಡು ಸೆಕೆಂಡು ಬೇಗ ಮುಗಿಸಿದಳು. ಧನಲಕ್ಷ್ಮಿ ಮೂರನೆಯವಳಾದಳು. ಗೇಣುದ್ದದ ಹಿತ್ತಾಳೆ ಬಣ್ಣದ ಬಹುಮಾನದ ಕಪ್ ಕೊಟ್ಟರು. ಪರಮೇಶ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದ, ಅನುಷಾ ಅದರ ಜೊತೆ ಫೋಟೋ ತೆಗೆಸಿಕೊಂಡಳು, ಬಾಷಾ ಅದರಲ್ಲಿ ಟೀ ಕುಡಿಯಬಹುದೇ ಎಂದು ಕೇಳಿದ.

ರೇಸಿನವರ ಕಡೆಯ ಒಬ್ಬ ಯುವಕ ರಿಜಿಸ್ಟರ್ ಹಿಡಿದು ಹತ್ತಿರ ಬಂದ.

"ಮೇಡಂ, ಜನವರಿಯಲ್ಲಿ ಚಿಕ್ಕಮಗಳೂರಲ್ಲಿದೆ. ಇದಕ್ಕಿಂತ ದೊಡ್ಡ ಟ್ರ್ಯಾಕು. ಹೆಸರು ಬರ್ಕೊಳ್ಲಾ?"

ಧನಲಕ್ಷ್ಮಿಯ ಮುಖದ ತುಂಬ ಕೆಂಪು ಧೂಳು, ಹಲ್ಲು ಮಾತ್ರ ಬಿಳಿ. ಅವಳು ಗಂಡನ ಕಡೆ ನೋಡಿದಳು. ಗಂಡ ತಾಯಿಯ ಕಡೆ ನೋಡಿದ. ಕರಿಬಸಮ್ಮ ಕಾರಿನ ಬಾಗಿಲು ತೆರೆದು ಸೀಟಿನ ಮೇಲೆ ಓರೆಯಾಗಿ ಕೂತು, ಅಲ್ಲಿ ಕೊಟ್ಟ ಕಾಗದದ ತಟ್ಟೆಯಲ್ಲಿ ಚಿತ್ರಾನ್ನ ತಿನ್ನುತ್ತಿದ್ದಳು. ಎಲ್ಲರೂ ತನ್ನನ್ನೇ ನೋಡುತ್ತಿರುವುದು ತಿಳಿದು ತಲೆ ಎತ್ತಿದಳು.

"ಬರ್ಕೊಳಪ್ಪ, ಅದಕ್ಕೇನು" ಎಂದಳು. "ಆದ್ರೆ ಅವತ್ತು ಬುತ್ತಿ ನಾನೇ ಕಟ್ತೀನಿ. ಇದಕ್ಕೆ ಉಪ್ಪೇ ಹಾಕಿಲ್ಲ."